ಕಾನ್ಸರ್ಟ್‌ಗೆ ಮುಂಚೆ ಒಂದು ಮೈಲಿ, ಬರಿಗಾಲಲ್ಲಿ

2008ರ ಅಕ್ಟೋಬರ್. ನಾನು ಆಗ ಅಮೆರಿಕದಲ್ಲಿದ್ದೆ. ಊರಿಗೆ ಫೋನ್ ಮಾಡಿದಾಗ ಅಮ್ಮನಿಗೆ ಹೇಳಿದೆ: "ನಾಳೆ ಹ್ಯಾನ್ಸನ್ ಅಂತ ಒಂದು ಬ್ಯಾಂಡ್‌ನ ಕಾನ್ಸರ್ಟ್ ಇದೆ. ಅದಕ್ಕೆ ಮುಂಚೆ ಎಲ್ಲರೂ ಸೇರಿ ಬರಿಗಾಲಲ್ಲಿ ಒಂದು ಮೈಲಿ ನಡೀತೀವಿ." ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು: "ಯಾವ ದೇವರಿಗೆ ಹರಕೆ?"

ಅಮ್ಮ ಶಿವರಾತ್ರಿಗೆ ಧರ್ಮಸ್ಥಳಕ್ಕೆ ನಡೆದುಕೊಂಡು ಹೋದವಳು. ಬರಿಗಾಲ ಸಂಗತಿ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ಅವಳು ಅವತ್ತು ಎರಡೇ ಮಾತು ಹೇಳಿದಳು. "ಅಕ್ಕಪಕ್ಕ ನೋಡ್ಕೊಂಡು ಮಾತಾಡ್ತಾ ನಡೀಬೇಡ, ನೆಲ ನೋಡು. ರಾತ್ರಿ ಮಲಗೋ ಮುಂಚೆ ಉಪ್ಪು ಹಾಕಿದ ಬಿಸಿನೀರಲ್ಲಿ ಕಾಲಿಟ್ಟು ಕೂತ್ಕೋ." ಮಾರನೇ ದಿನ ಎರಡನೇ ಮಾತು ನೆನಪಿತ್ತು, ಮೊದಲನೆಯದನ್ನು ಮರೆತೆ. ಅದರ ಫಲ ಏನಾಯಿತು ಅಂತ ಮುಂದೆ ಹೇಳುತ್ತೇನೆ.

ಆಮೇಲೆ ಇಂಥ ನಡಿಗೆಗಳಿಗೆ ಹಲವು ಸಲ ಹೋಗಿದ್ದೇನೆ. ಕೆಲವಕ್ಕೆ ಸಹಾಯಕ್ಕೂ ನಿಂತಿದ್ದೇನೆ. ಈಗ ಪರಿಚಯದವರ ಮಕ್ಕಳು "ನಮ್ಮ ಇಷ್ಟದ ಬ್ಯಾಂಡ್ ಹೀಗೆ ಕರೆದಿದೆ, ಹೋಗೋದಾ?" ಅಂತ ಕೇಳುತ್ತಾರೆ. ಹೋಗಿ. ಆದರೆ ತಯಾರಾಗಿ ಹೋಗಿ. ಆ ತಯಾರಿ ಏನು ಅಂತ ಇಲ್ಲಿ ಬರೆದಿದ್ದೇನೆ.

ಈ ನಡಿಗೆ ಎಲ್ಲಿಂದ ಬಂತು

ಇದನ್ನು ಓದದೆ ನೇರವಾಗಿ ಶೂ ಬಿಚ್ಚುವ ಭಾಗಕ್ಕೆ ಹೋಗಬೇಡಿ. ಯಾಕೆ ನಡೆಯುತ್ತಿದ್ದೇವೆ ಅಂತ ಗೊತ್ತಿಲ್ಲದಿದ್ದರೆ ಅದು ಬರೀ ಬಿಸಿಲಲ್ಲಿ ಓಡಾಡಿದ ಹಾಗೆ ಆಗುತ್ತದೆ.

ಹ್ಯಾನ್ಸನ್ ಅನ್ನುವುದು ಒಕ್ಲಹೋಮಾ ರಾಜ್ಯದ ಟಲ್ಸಾ ಊರಿನ ಮೂವರು ಅಣ್ಣತಮ್ಮಂದಿರ ಬ್ಯಾಂಡ್. ಐಸಾಕ್, ಟೇಲರ್, ಜ್ಯಾಕ್. 1997ರಲ್ಲಿ ಅವರ ಒಂದು ಹಾಡು ಜಗತ್ತಿನ ತುಂಬ ಓಡಿತು. ಆಗ ಕಿರಿಯವನಾದ ಜ್ಯಾಕ್‌ಗೆ 11 ವರ್ಷ. ಆಮೇಲೆ ಅವರು ದೊಡ್ಡ ಕಂಪನಿ ಬಿಟ್ಟು ತಮ್ಮದೇ ಲೇಬಲ್, ಅಂದರೆ ಹಾಡು ಹೊರತರುವ ಕಂಪನಿ, ಮಾಡಿಕೊಂಡರು. 2006ರಲ್ಲಿ ದಕ್ಷಿಣ ಆಫ್ರಿಕಾಕ್ಕೂ ಮೊಜಾಂಬಿಕ್‌ಗೂ ಹೋದರು. ಅಲ್ಲಿನ ಮಕ್ಕಳ ದನಿಯನ್ನು ರೆಕಾರ್ಡ್ ಮಾಡಿಕೊಂಡು ಬಂದರು. 'ಗ್ರೇಟ್ ಡಿವೈಡ್' ಹಾಡಿನಲ್ಲಿ ಆ ಮಕ್ಕಳ ದನಿ ಕೇಳಿಸುತ್ತದೆ. ಆ ಹಾಡಿನ ಮಾರಾಟದ ಹಣವನ್ನು ದಕ್ಷಿಣ ಆಫ್ರಿಕಾದ ಸೊವೆಟೊದಲ್ಲಿರುವ ಕ್ರಿಸ್ ಹಾನಿ ಬರಗ್ವಾನಾಥ್ ಆಸ್ಪತ್ರೆಯ ಎಚ್‌ಐವಿ ಘಟಕಕ್ಕೆ ಕೊಟ್ಟರು. ತಾಯಿಯಿಂದ ಮಗುವಿಗೆ ಎಚ್‌ಐವಿ ಹರಡದಂತೆ ತಡೆಯುವುದು ಆ ಘಟಕದ ಮುಖ್ಯ ಕೆಲಸ. ಏನೂ ಚಿಕಿತ್ಸೆ ಇಲ್ಲದಿದ್ದರೆ ಸೋಂಕಿರುವ ತಾಯಂದಿರ ನೂರು ಮಕ್ಕಳಲ್ಲಿ 15ರಿಂದ 45 ಮಕ್ಕಳಿಗೆ ಸೋಂಕು ತಗುಲಬಹುದು. ಸರಿಯಾದ ಔಷಧ ಸಿಕ್ಕರೆ ಅದು 5ಕ್ಕಿಂತ ಕೆಳಗೆ ಇಳಿಯುತ್ತದೆ. ಈ ಲೆಕ್ಕ ಗೊತ್ತಾದ ದಿನ ನನಗೆ ಆ ಹಾಡು ಬೇರೆಯಾಗಿಯೇ ಕೇಳಿಸಿತು.

2007ರಲ್ಲಿ ಅವರ 'ದ ವಾಕ್' ಆಲ್ಬಮ್ ಬಂತು. ಅದೇ ವರ್ಷದ ಪ್ರವಾಸದಲ್ಲಿ ಊರೂರಲ್ಲೂ ಕಾನ್ಸರ್ಟ್‌ಗೆ ಮುಂಚೆ ಅಭಿಮಾನಿಗಳ ಜೊತೆ ಒಂದು ಮೈಲಿ ಬರಿಗಾಲಲ್ಲಿ ನಡೆಯಲು ಶುರುಮಾಡಿದರು. ಒಂದು ಜೊತೆ ಶೂ ಮಾರಿದರೆ ಇನ್ನೊಂದು ಜೊತೆಯನ್ನು ಬಡ ಮಗುವಿಗೆ ಕೊಡುತ್ತಿದ್ದ ಟಾಮ್ಸ್ ಕಂಪನಿ ಅವರ ಜೊತೆಗಿತ್ತು. 2008ರಲ್ಲಿ ಇದನ್ನು ಇನ್ನೂ ದೊಡ್ಡದು ಮಾಡಿದರು. ನಡೆದ ಪ್ರತಿಯೊಬ್ಬರ ಲೆಕ್ಕದಲ್ಲಿ ಬ್ಯಾಂಡ್ ತನ್ನ ಕೈಯಿಂದ ಒಂದು ಡಾಲರ್ ಕೊಡುವುದು. ಎಲ್ಲರ ಮೈಲಿಗಳನ್ನೂ ಕೂಡಿಸುತ್ತಾ ಹೋಗಿ ಭೂಮಿಗೆ ಒಂದು ಸುತ್ತು ಹಾಕುವುದು. ಅಂದರೆ ಸುಮಾರು 40,000 ಕಿಲೋಮೀಟರ್. ಶೂ ಅಷ್ಟೇ ಅಲ್ಲ, ಶಾಲೆ, ಕುಡಿಯುವ ನೀರು, ಎಚ್‌ಐವಿ ಚಿಕಿತ್ಸೆ ಎಲ್ಲವೂ ಅದರೊಳಗೆ ಬಂತು.

ಬರಿಗಾಲೇ ಯಾಕೆ? ಕೊಕ್ಕೆಹುಳು ಅಂತ ಕೇಳಿರುತ್ತೀರಿ. ಅದರ ಮರಿ ಕೊಳಕು ಮಣ್ಣಿನಲ್ಲಿರುತ್ತದೆ. ಬರಿಗಾಲಿನ ಚರ್ಮ ಕೊರೆದು ಒಳಗೆ ಹೋಗಿ, ಕರುಳು ಸೇರಿ ರಕ್ತ ಹೀರುತ್ತದೆ. ನಮ್ಮ ಹಳ್ಳಿಗಳ ಕಡೆ ಮಕ್ಕಳಲ್ಲಿ ರಕ್ತ ಕಡಿಮೆ ಆಗಲು ಇದೂ ಒಂದು ಕಾರಣ. ಇನ್ನೊಂದು ಕಾಯಿಲೆ ಹೆಚ್ಚು ಜನರಿಗೆ ಗೊತ್ತಿಲ್ಲ, ಪೋಡೊಕೋನಿಯೋಸಿಸ್. ಇಥಿಯೋಪಿಯಾದ ಎತ್ತರದ ನಾಡಿನಲ್ಲಿ ಜ್ವಾಲಾಮುಖಿಯಿಂದಾದ ಕೆಂಪು ಜೇಡಿಮಣ್ಣಿದೆ. ಅದರಲ್ಲಿ ವರ್ಷಗಟ್ಟಲೆ ಬರಿಗಾಲಲ್ಲಿ ಬೇಸಾಯ ಮಾಡಿದವರಲ್ಲಿ ಕೆಲವರಿಗೆ ಮಣ್ಣಿನ ನುಣುಪು ಕಣಗಳು ಚರ್ಮದೊಳಗೆ ಸೇರಿ ಕಾಲು ಆನೆಕಾಲಿನ ಹಾಗೆ ಊದುತ್ತದೆ. ಸೊಳ್ಳೆಯಿಂದ ಬರುವ ಆನೆಕಾಲು ರೋಗ ಬೇರೆ, ಇದು ಬೇರೆ. ಇದನ್ನು ತಡೆಯಲು ಲಸಿಕೆ ಬೇಡ, ಮಾತ್ರೆ ಬೇಡ. ಚಿಕ್ಕಂದಿನಿಂದ ಶೂ ಹಾಕಿಕೊಂಡು ದಿನಾ ಕಾಲು ತೊಳೆದರೆ ಸಾಕು.

ನಾವು ನಡೆಯುವ ಒಂದು ಮೈಲಿ ಅಂದರೆ 1.6 ಕಿಲೋಮೀಟರ್. ಅಷ್ಟರಲ್ಲಿ ಅವರ ಕಷ್ಟ ನಮಗೆ ಪೂರ್ತಿ ಅರ್ಥವಾಗುವುದಿಲ್ಲ. ಆದರೆ ದಿನಾ ನೋಡುವ ರಸ್ತೆಯೇ ಅಂಗಾಲಿಗೆ ಬೇರೆ ಥರ ತಾಕುತ್ತದೆ. ನೆಲ ಅನ್ನುವುದೊಂದು ಇದೆ ಅಂತ ಗೊತ್ತಾಗುವುದೇ ಆಗ.

ಮೊದಲು ಮೂರು ವಿಷಯ ಖಚಿತ ಮಾಡಿಕೊಳ್ಳಿ

ಟಿಕೆಟ್ ಇದ್ದ ಮಾತ್ರಕ್ಕೆ ನಡಿಗೆ ಇದೆ ಅಂತ ಅಂದುಕೊಳ್ಳಬೇಡಿ. ಎಲ್ಲ ಊರಲ್ಲೂ ಇರುವುದಿಲ್ಲ, ಮಳೆ ಬಂದರೆ ಹೊತ್ತು ಬದಲಾಗುತ್ತದೆ. ಬ್ಯಾಂಡ್‌ನ ಅಧಿಕೃತ ಪ್ರಕಟಣೆ ನೋಡಿ. ಗೆಳೆಯರು ಫಾರ್ವರ್ಡ್ ಮಾಡಿದ ಸಂದೇಶ ಸಾಲದು. ನಡಿಗೆ ಸಾಮಾನ್ಯವಾಗಿ ಮಧ್ಯಾಹ್ನ, ಬಾಗಿಲು ತೆರೆಯುವ ಕೆಲವು ಗಂಟೆ ಮುಂಚೆ ಇರುತ್ತದೆ. ಕೆಲಸದ ದಿನವಾದರೆ ಅರ್ಧ ದಿನ ರಜೆ ಹಾಕಿಬಿಡಿ. ಕಚೇರಿಯಿಂದ ಓಡಿಬಂದು ಏದುಸಿರಲ್ಲಿ ಸೇರಿದರೆ ಏನೂ ಮನಸ್ಸಿಗೆ ಇಳಿಯುವುದಿಲ್ಲ.

ಎರಡನೆಯದು, ಟಿಕೆಟ್ ಇಲ್ಲದವರೂ ನಡೆಯಬಹುದೇ ಅಂತ ಕೇಳಿಕೊಳ್ಳಿ. ಹ್ಯಾನ್ಸನ್ ನಡಿಗೆಗಳು ರಸ್ತೆಯಲ್ಲಿ ನಡೆಯುತ್ತಿದ್ದವು, ಗೇಟು ಇರಲಿಲ್ಲ. ಒಂದು ಸಲ ನನ್ನ ರೂಮ್‌ಮೇಟ್ ಟಿಕೆಟ್ ಇಲ್ಲದೆ ಬಂದಳು. ಹಾಡು ಅವಳಿಗೆ ಅಷ್ಟಕ್ಕಷ್ಟೇ. ಆದರೂ ಪೂರ್ತಿ ಮೈಲಿ ನಡೆದು, ಮನೆಗೆ ಹೋಗಿ ಅಡುಗೆ ಮಾಡಿಟ್ಟಳು.

ಮೂರನೆಯದು ಹಣದ ವಿಚಾರ. ಅದು ಉದ್ದ ಇದೆ, ಕೊನೆಗೆ ಹೇಳುತ್ತೇನೆ.

ಯಾರು ಶೂ ಬಿಚ್ಚಬಾರದು

ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ಸಕ್ಕರೆ ಕಾಯಿಲೆ ಇರುವವರು ದಯವಿಟ್ಟು ಬರಿಗಾಲಲ್ಲಿ ನಡೆಯಬೇಡಿ. ಸಕ್ಕರೆ ಜಾಸ್ತಿ ಇದ್ದು ವರ್ಷಗಳಾದವರಿಗೆ ಅಂಗಾಲಿನ ನರ ಮಂದವಾಗಿರುತ್ತದೆ. ಗಾಜು ಚುಚ್ಚಿದರೂ ಗೊತ್ತಾಗುವುದಿಲ್ಲ, ಬಿಸಿ ತಾಗಿದರೂ ಗೊತ್ತಾಗುವುದಿಲ್ಲ. ಸಣ್ಣ ಗಾಯ ಒಣಗದೆ ಕಾಲನ್ನೇ ಕಳೆದುಕೊಳ್ಳುವ ಮಟ್ಟಕ್ಕೆ ಹೋಗಬಹುದು. ನಮ್ಮ ಜನರಲ್ಲಿ ಸಕ್ಕರೆ ಕಾಯಿಲೆ ಎಷ್ಟು ಸಾಮಾನ್ಯ ಅಂತ ನಿಮಗೇ ಗೊತ್ತು. ಮಗಳ ಜೊತೆ ಬರುವ ಅಪ್ಪ, ಮಗನ ಜೊತೆ ಬರುವ ಅಮ್ಮ ಇದನ್ನು ಮನಸ್ಸಲ್ಲಿಟ್ಟುಕೊಳ್ಳಬೇಕು. ಶೂ ಹಾಕಿಕೊಂಡು ನಡೆದರೂ ಮೈಲಿ ಮೈಲಿಯೇ. ಯಾರೂ ಬೇಡ ಅನ್ನುವುದಿಲ್ಲ.

ಹಿಮ್ಮಡಿ ಆಳವಾಗಿ ಒಡೆದಿರುವವರು, ಕಾಲಲ್ಲಿ ಗಾಯ ಇರುವವರು, ರಕ್ತ ತೆಳುವಾಗಲು ಮಾತ್ರೆ ತಗೊಳ್ಳುವವರು, ಗರ್ಭಿಣಿಯರು ಕೂಡ ಶೂ ಹಾಕಿಕೊಂಡೇ ನಡೆಯಲಿ. ಚಿಕ್ಕ ಮಕ್ಕಳಿಗೆ ಜನಜಂಗುಳಿಯಲ್ಲಿ ನೆಲ ಕಾಣುವುದಿಲ್ಲ. ಅವರಿಗೂ ಶೂ ಇರಲಿ.

ಉಳಿದವರು ಟಿಟಿ ಇಂಜೆಕ್ಷನ್ ಯಾವಾಗ ಹಾಕಿಸಿಕೊಂಡಿದ್ದು ಅಂತ ಒಂದು ಸಲ ನೋಡಿಕೊಳ್ಳಿ. ಹತ್ತು ವರ್ಷಕ್ಕೊಮ್ಮೆ ಬೂಸ್ಟರ್ ಬೇಕು.

ಹತ್ತು ದಿನದ ಅಭ್ಯಾಸ

ನಾನು ಮೊದಲ ಸಲ ಇದನ್ನು ಮಾಡಲಿಲ್ಲ. ಚಿಕ್ಕಂದಿನಲ್ಲಿ ಅಂಗಳದಲ್ಲಿ ಬರಿಗಾಲಲ್ಲೇ ಆಡಿ ಬೆಳೆದವರು ನಾವು, ಒಂದು ಮೈಲಿ ಯಾವ ಲೆಕ್ಕ ಅಂದುಕೊಂಡಿದ್ದೆ. ಹತ್ತು ವರ್ಷ ಸಾಕ್ಸ್ ಒಳಗಿದ್ದ ಕಾಲಿಗೆ ಆ ಅಂಗಳ ನೆನಪಿರುವುದಿಲ್ಲ.

ಮೊದಲ ಎರಡು ಮೂರು ದಿನ ಹುಲ್ಲಿನ ಮೇಲೆ ಹತ್ತು ನಿಮಿಷ ನಡೆಯಿರಿ. ಆಮೇಲೆ ಮನೆ ಮುಂದಿನ ಸಿಮೆಂಟ್ ನೆಲ. ಆಮೇಲೆ ಫುಟ್‌ಪಾತ್. ಕೊನೆಯ ಎರಡು ದಿನಕ್ಕೆ ಮುಂಚೆ ಒಮ್ಮೆ ಅರ್ಧ ಮೈಲಿ ಮುಗಿಸಿ. ಕೊನೆಯ ಎರಡು ದಿನ ಏನೂ ಮಾಡಬೇಡಿ, ಚರ್ಮ ಸುಧಾರಿಸಿಕೊಳ್ಳಲಿ.

ನಡೆಯುವ ರೀತಿಯೂ ಬದಲಾಗಬೇಕು. ಶೂ ಹಾಕಿದಾಗ ನಾವು ಹಿಮ್ಮಡಿಯನ್ನು ಧಡಕ್ ಅಂತ ಊರುತ್ತೇವೆ. ಬರಿಗಾಲಲ್ಲಿ ಹಾಗೆ ಮಾಡಿದರೆ ಮೊಣಕಾಲಿಗೆ ಏಟು. ಹೆಜ್ಜೆ ಚಿಕ್ಕದಿರಲಿ. ಪಾದ ಸಮನಾಗಿ, ಮೆತ್ತಗೆ ಊರಿ. ಕಾಲು ಎಳೆಯಬೇಡಿ. ಎಳೆದರೆ ಬೊಬ್ಬೆ ಬರುವುದು ಖಂಡಿತ.

ಹಿಂದಿನ ರಾತ್ರಿ ಕಾಲಿಗೆ ಕೊಬ್ಬರಿ ಎಣ್ಣೆ ಹಚ್ಚಿ ಮಲಗಿ. ಬೆಳಿಗ್ಗೆ ಮಾತ್ರ ಬೇಡ. ಎಣ್ಣೆ ಕಾಲು ಜಾರುತ್ತದೆ, ದಾರಿಯ ಕಸವೆಲ್ಲ ಅಂಟಿಕೊಳ್ಳುತ್ತದೆ.

ಚೀಲದಲ್ಲಿ ಏನಿರಬೇಕು

ಮೊದಲು ಕಾನ್ಸರ್ಟ್ ಹಾಲ್‌ನ ಚೀಲದ ನಿಯಮ ನೋಡಿ. ಅಮೆರಿಕದ ಬಹಳಷ್ಟು ಹಾಲ್‌ಗಳಲ್ಲಿ ಬ್ಯಾಕ್‌ಪ್ಯಾಕ್ ಬಿಡುವುದಿಲ್ಲ. ಕೆಲವು ಕಡೆ ಪಾರದರ್ಶಕ ಚೀಲ ಮಾತ್ರ. ಹಾಗಾಗಿ ಚಿಕ್ಕದಾಗಿ ಕಟ್ಟಿಕೊಳ್ಳಿ. ಮಡಚಿದರೆ ಕೈಯಲ್ಲಿ ಹಿಡಿಸುವಂಥ ತೆಳ್ಳಗಿನ ಚಪ್ಪಲಿ, ಒಂದು ಜೊತೆ ಸಾಕ್ಸ್, ಒದ್ದೆ ಟಿಶ್ಯೂ, ನಾಲ್ಕು ಬ್ಯಾಂಡೇಡ್, ನೀರಿನ ಬಾಟಲಿ. ಮುಳ್ಳು ತೆಗೆಯುವ ಚಿಮಟ ಇದ್ದರೆ ಒಳ್ಳೆಯದು, ಆದರೆ ಬಾಗಿಲಲ್ಲಿ ತೆಗೆಸಬಹುದು. ಕಾರಿನಲ್ಲಿಡಿ.

ಚಪ್ಪಲಿ ಕಡ್ಡಾಯ. ಬರಿಗಾಲಲ್ಲಿ ಹಾಲ್ ಒಳಗೆ ಬಿಡುವುದಿಲ್ಲ. ನಡಿಗೆ ಮಧ್ಯೆ ಸಾಕು ಅನ್ನಿಸಿದಾಗ ಹಾಕಿಕೊಳ್ಳಲೂ ಬೇಕಾಗುತ್ತದೆ.

ಸಾಲಿನ ಸಮಸ್ಯೆ

ನಿಂತು ನೋಡುವ ಕಾನ್ಸರ್ಟ್‌ಗಳಲ್ಲಿ ಸೀಟ್ ನಂಬರ್ ಇರುವುದಿಲ್ಲ. ಮೊದಲು ಬಂದವರಿಗೆ ವೇದಿಕೆ ಹತ್ತಿರ. ಅದಕ್ಕೆ ಕೆಲವರು ಬೆಳಗಿನ ಜಾವವೇ ಬಂದು ಫುಟ್‌ಪಾತ್ ಮೇಲೆ ಚಾದರ ಹಾಸಿಕೊಂಡು ಕೂತಿರುತ್ತಾರೆ. ಅಂಗೈ ಹಿಂದೆ ಪೆನ್ನಿನಲ್ಲಿ ನಂಬರ್ ಬರೆದುಕೊಳ್ಳುವುದೂ ಉಂಟು. ಈಗ ನಡಿಗೆಗೆ ಹೋದರೆ ಜಾಗ ಹೋಗುತ್ತದಲ್ವಾ? ಎಷ್ಟೋ ಜನ ನಡಿಗೆಗೆ ಬರದೇ ಇರುವುದು ಇದೇ ಭಯಕ್ಕೆ. ನನಗೆ ಅದು ತುಂಬಾ ಬೇಸರದ ಸಂಗತಿ.

ದಾರಿ ಇದೆ. ಸಾಲಿಗೆ ಬಂದ ಕೂಡಲೇ ನಿಮ್ಮ ಮುಂದಿನ ಇಬ್ಬರ, ಹಿಂದಿನ ಇಬ್ಬರ ಪರಿಚಯ ಮಾಡಿಕೊಳ್ಳಿ. ಹೆಸರು ಕೇಳಿ. ತಂದ ತಿಂಡಿ ಕೊಡಿ. ನಡಿಗೆಗೆ ಹೋಗುತ್ತೀರಾ ಅಂತ ಕೇಳಿ. ಕಾಲು ನೋವು, ವಯಸ್ಸು, ಮಗು, ಹೀಗೆ ಒಂದಲ್ಲ ಒಂದು ಕಾರಣಕ್ಕೆ ನಡೆಯಲಾಗದವರು ಇದ್ದೇ ಇರುತ್ತಾರೆ. ಸಾಮಾನು ನೋಡಿಕೊಳ್ಳುವ ಕೆಲಸ ಅವರಿಗೆ ವಹಿಸಿ. ಅವರೂ ಖುಷಿಯಿಂದ ಒಪ್ಪುತ್ತಾರೆ, ಯಾಕೆಂದರೆ ಹಾಗೆ ಅವರೂ ಈ ಕೆಲಸದಲ್ಲಿ ಸೇರಿದ ಹಾಗಾಯಿತು. ಹಾಲ್‌ನ ಸೆಕ್ಯುರಿಟಿಯವರಿಗೂ ಮೊದಲೇ ಒಂದು ಮಾತು ಹೇಳಿಡಿ. ಮಧ್ಯಾಹ್ನ ಅವರ ಪಾಳಿ ಬದಲಾಗುತ್ತದೆ. ಹೊಸದಾಗಿ ಬಂದವರಿಗೆ ಏನೂ ಗೊತ್ತಿರುವುದಿಲ್ಲ.

ವಾಪಸ್ ಬಂದಾಗ ನಿಮ್ಮ ಜಾಗಕ್ಕೇ ಹೋಗಿ. ಎರಡು ಅಡಿ ಮುಂದೆಯೂ ಬೇಡ. ಬಡ ಮಕ್ಕಳಿಗಾಗಿ ನಡೆದು ಬಂದು ಸಾಲಿನಲ್ಲಿ ಒಬ್ಬರ ಜಾಗ ಕಿತ್ತುಕೊಂಡರೆ ಆ ನಡಿಗೆಗೆ ಏನು ಬೆಲೆ ಉಳಿಯಿತು? ಜಾಗ ಹೋದರೆ ಹೋಗಲಿ. ನಾನು ಅತ್ಯಂತ ಹಿಂದೆ, ಕಂಬದ ಪಕ್ಕ ನಿಂತು ಕೇಳಿದ ಕಾನ್ಸರ್ಟ್ ಇವತ್ತಿಗೂ ನೆನಪಿದೆ.

ನಡಿಗೆ

ಹೇಳಿದ ಹೊತ್ತಿಗೆ ಹತ್ತು ನಿಮಿಷ ಮುಂಚೆ ಹಾಲ್ ಮುಂದೆ ಜನ ಸೇರುತ್ತಾರೆ. ಬ್ಯಾಂಡ್‌ನವರು ಬಂದು ಮೆಗಾಫೋನ್ ಹಿಡಿದು ಸ್ವಲ್ಪ ಮಾತಾಡುತ್ತಾರೆ. ಇಲ್ಲಿ ಒಂದು ಬೇಡಿಕೆ. ಫೋನ್ ಕೆಳಗಿಡಿ, ಮಾತು ಕೇಳಿ. ಯಾವ ಊರಿಗೆ ಏನು ಹೋಗುತ್ತದೆ ಅಂತ ಅವರು ಹೇಳುವುದು ಆಗಲೇ. ಎಲ್ಲರೂ ಫೋಟೋ ತೆಗೆಯುವುದರಲ್ಲೇ ಮುಳುಗಿದರೆ ಹಿಂದಿನವರಿಗೆ ಕೇಳಿಸುವುದೂ ಇಲ್ಲ.

ಶೂ ಬಿಚ್ಚುವ ಮುಂಚೆ ನೆಲದ ಬಿಸಿ ನೋಡಿ. ಅಂಗೈ ಹಿಂಭಾಗವನ್ನು ರಸ್ತೆ ಮೇಲಿಟ್ಟು ಏಳರವರೆಗೆ ಎಣಿಸಿ. ಇಡಲಾಗದಿದ್ದರೆ ಅಂಗಾಲಿಗೂ ಆಗುವುದಿಲ್ಲ. ಗಾಳಿ 30 ಡಿಗ್ರಿ ಇದ್ದ ದಿನವೂ ಬಿಸಿಲು ಬಿದ್ದ ಡಾಂಬರು 50 ಡಿಗ್ರಿ ದಾಟಬಹುದು. ಅದು ಚರ್ಮ ಸುಡುವ ಬಿಸಿ. ಕಾಂಕ್ರೀಟ್ ಫುಟ್‌ಪಾತ್ ಡಾಂಬರಿಗಿಂತ ತಣ್ಣಗಿರುತ್ತದೆ. ರಸ್ತೆ ದಾಟುವಾಗ ಬಿಳಿ ಪಟ್ಟೆ ಮೇಲೇ ಕಾಲಿಡಿ, ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ. ಮ್ಯಾನ್‌ಹೋಲ್ ಮುಚ್ಚಳ, ಮರದ ಸುತ್ತ ಹಾಕಿದ ಕಬ್ಬಿಣದ ಜಾಲರಿ, ಇವುಗಳ ಹತ್ತಿರ ಹೋಗಲೇಬೇಡಿ. ಅಕ್ಟೋಬರ್, ನವೆಂಬರ್‌ನಲ್ಲಿ ಉಲ್ಟಾ. ಕಾಲು ಚಳಿಗೆ ಮರಗಟ್ಟಿ ಚುಚ್ಚಿದ್ದು ತಿಳಿಯುವುದಿಲ್ಲ.

ನನಗೆ ಆಗಿದ್ದು ಅದೇ. ಬ್ಯಾಂಡ್‌ನವರು ಮುಂದೆ ಇಪ್ಪತ್ತು ಅಡಿ ದೂರದಲ್ಲಿದ್ದರು. ಅವರ ಹತ್ತಿರ ಹೋಗಬೇಕು ಅಂತ ತಲೆ ಎತ್ತಿಕೊಂಡು ಬೇಗ ಬೇಗ ನಡೆದೆ. ಒಂದು ಬಾರ್ ಮುಂದೆ ಹಿಂದಿನ ರಾತ್ರಿ ಒಡೆದ ಬಾಟಲಿ ಚೂರು ಬಿದ್ದಿತ್ತು. ತಣ್ಣಗಾದ ಕಾಲಿಗೆ ಅದು ತಿಳಿಯಲೇ ಇಲ್ಲ. ಹಿಂದೆ ಬರುತ್ತಿದ್ದ ಒಬ್ಬ ಹುಡುಗಿ "ನಿಮ್ಮ ಕಾಲಿಂದ ರಕ್ತ ಬರ್ತಿದೆ" ಅಂತ ಭುಜ ತಟ್ಟಿದಳು. ಗಾಯ ದೊಡ್ಡದಲ್ಲ. ಆದರೆ ಉಳಿದ ಅರ್ಧ ಮೈಲಿ ನಾನು ಶೂ ಹಾಕಿಕೊಂಡು ನಡೆಯಬೇಕಾಯಿತು. ಅಮ್ಮ ಹೇಳಿದ ಮೊದಲ ಮಾತು ಆಗ ನೆನಪಾಯಿತು.

ಹಾಗಾಗಿ ಬ್ಯಾಂಡ್‌ನವರ ಬೆನ್ನು ಹತ್ತಬೇಡಿ. ಗುಂಪಿನ ಮಧ್ಯದಲ್ಲೋ ಹಿಂದೆಯೋ ಇರಿ. ಮುಂದೆ ಆರೇಳು ಅಡಿ ನೆಲ ಕಾಣುವಷ್ಟು ಅಂತರ ಬಿಡಿ. ಗಾಜು ಕಂಡರೆ "ಗಾಜು" ಅಂತ ಕೂಗಿ ಕೈ ತೋರಿಸಿ, ಹಿಂದಿನವರು ಅದನ್ನೇ ಇನ್ನೂ ಹಿಂದಿನವರಿಗೆ ಹೇಳುತ್ತಾರೆ. ಒಬ್ಬರಿಗೊಬ್ಬರು ಹೀಗೆ ದಾರಿ ಕಾಯುವುದು ನನಗೆ ಆ ನಡಿಗೆಯಲ್ಲಿ ಎಲ್ಲಕ್ಕಿಂತ ಇಷ್ಟ. ಗುರುತು ಪರಿಚಯ ಇಲ್ಲದವರು ನಮ್ಮ ಕಾಲಿನ ಚಿಂತೆ ಮಾಡುತ್ತಾರೆ.

ಫುಟ್‌ಪಾತ್ ಬಿಡಬೇಡಿ. ಸಿಗ್ನಲ್ ಕೆಂಪಾದರೆ ನಿಲ್ಲಿ, ಗುಂಪು ಎರಡಾದರೆ ಆಗಲಿ. ಅಂಗಡಿ ಬಾಗಿಲಿಗೆ ಅಡ್ಡ ನಿಲ್ಲಬೇಡಿ. ದಾರಿಯಲ್ಲಿ ಯಾರಾದರೂ ಏನಿದು ಅಂತ ಕೇಳಿದರೆ ಎರಡು ವಾಕ್ಯದಲ್ಲಿ ಹೇಳಲು ತಯಾರಿರಿ. "ಶೂ ಇಲ್ಲದ ಮಕ್ಕಳಿಗಾಗಿ ಒಂದು ಮೈಲಿ ನಡೀತಿದ್ದೀವಿ. ತಲೆಗೆ ಒಂದು ಡಾಲರ್ ಹೋಗುತ್ತೆ." ಅಷ್ಟು ಸಾಕು. ಕೇಳಿದವರು ಅಲ್ಲೇ ಶೂ ಬಿಚ್ಚಿ ಸೇರಿಕೊಂಡಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಇಡೀ ಮೈಲಿಗೆ ಅರ್ಧ ಗಂಟೆ ಹಿಡಿಯುತ್ತದೆ. ನೋವಾದರೆ ಚಪ್ಪಲಿ ಹಾಕಿಕೊಳ್ಳಿ. ಅದರಲ್ಲಿ ನಾಚಿಕೆ ಇಲ್ಲ. ಆ ಹೊತ್ತಿನಲ್ಲಿ ನಮಗೆ ಚಪ್ಪಲಿ ಇದೆ ಅನ್ನುವುದನ್ನು ಗಮನಿಸಿ.

ಮುಗಿದ ಮೇಲೆ ಕಾಲು

ಹಾಲ್ ಪಕ್ಕದ ಕಾಫಿ ಅಂಗಡಿಯ ಬಾತ್‌ರೂಮಿನಲ್ಲಿ ಇಪ್ಪತ್ತು ಜನ ಕಾಲು ತೊಳೆಯಲು ಸಾಲು ನಿಲ್ಲುವುದು ಅಂಗಡಿಯವರಿಗೆ ಕಷ್ಟ. ಒದ್ದೆ ಟಿಶ್ಯೂನಿಂದ ಒರೆಸಿಕೊಂಡು, ಬೆರಳ ಸಂದಿ ಒಣಗಿಸಿ, ಸಾಕ್ಸ್ ಹಾಕಿಕೊಳ್ಳಿ. ಕಾನ್ಸರ್ಟ್‌ನಲ್ಲಿ ಇನ್ನೂ ಮೂರು ಗಂಟೆ ನಿಲ್ಲಬೇಕಲ್ವಾ?

ಮನೆಗೆ ಹೋದ ಮೇಲೆ ಸೋಪು ಹಾಕಿ ಚೆನ್ನಾಗಿ ತೊಳೆಯಿರಿ. ಬೆಳಕಿನಲ್ಲಿ ಅಂಗಾಲು ನೋಡಿ. ಸಣ್ಣ ಗಾಜಿನ ಪುಡಿ ಕಣ್ಣಿಗೆ ಕಾಣುವುದಿಲ್ಲ, ಬೆರಳು ಆಡಿಸಿದಾಗ ಚುಚ್ಚುತ್ತದೆ. ಮೇಲೇ ಇದ್ದರೆ ಚಿಮಟದಲ್ಲಿ ತೆಗೆಯಿರಿ. ಒಳಗೆ ಹೋಗಿದ್ದರೆ ಕೆದಕಬೇಡಿ, ಡಾಕ್ಟರ್ ಹತ್ತಿರ ಹೋಗಿ. ಬೊಬ್ಬೆ ಒಡೆಯಬೇಡಿ. ಗಾಯ ಇಲ್ಲದಿದ್ದರೆ ಅಮ್ಮನ ಉಪ್ಪಿನ ಬಿಸಿನೀರು ಹದಿನೈದು ನಿಮಿಷ. ಗಾಯ ಇದ್ದರೆ ಅದು ಬೇಡ, ಬರೀ ತೊಳೆದು ಬ್ಯಾಂಡೇಡ್ ಹಾಕಿ. ಎರಡು ದಿನ ಬಿಟ್ಟು ಕೆಂಪಾಗಿ ಊದಿಕೊಂಡರೆ ಕಾಯಬೇಡಿ, ತೋರಿಸಿ.

ಹಣ ಎಲ್ಲಿಗೆ ಹೋಗುತ್ತದೆ

ಯಾವ ಬ್ಯಾಂಡ್ ಕರೆದರೂ ಒಂದು ಪ್ರಶ್ನೆ ಕೇಳಿ: ನಾನು ನಡೆದರೆ ಯಾರು, ಯಾರಿಗೆ, ಎಷ್ಟು ಕೊಡುತ್ತಾರೆ? ಹ್ಯಾನ್ಸನ್ ನಡಿಗೆಯಲ್ಲಿ ಉತ್ತರ ಸರಳವಾಗಿತ್ತು. ತಲೆಗೆ ಒಂದು ಡಾಲರ್, ಕೊಡುವವರು ಅವರೇ. ಒಂದು ಡಾಲರ್ ಚಿಕ್ಕದು, ನಿಜ. ಆದರೆ ಇನ್ನೂರು ಜನ ನಡೆದರೆ ಆ ದಿನ ಇನ್ನೂರು ಡಾಲರ್. ಅದಕ್ಕೆ ಅಭಿಮಾನಿಗಳು ತಮ್ಮ ಕೈಯಿಂದಲೂ ಸೇರಿಸಬಹುದು. ನಾನು ನಡೆದ ಪ್ರತಿ ಸಲವೂ ಆ ದಿನದ ಟೀಶರ್ಟ್ ಕೊಳ್ಳುವ ದುಡ್ಡನ್ನು ಸೇರಿಸಿದ್ದೇನೆ.

ಅಮೆರಿಕದಲ್ಲಿ ದಾನ ಕೊಡುವ ಮುಂಚೆ ಆ ಸಂಸ್ಥೆಯ ಹೆಸರನ್ನು ಆದಾಯ ತೆರಿಗೆ ಇಲಾಖೆಯಾದ ಐಆರ್‌ಎಸ್‌ನ ಹುಡುಕಾಟದಲ್ಲಿ ಹಾಕಿ ನೋಡಿ. ನೋಂದಾಯಿತ ಸಂಸ್ಥೆಯಾದರೆ ಅದರ ವಾರ್ಷಿಕ ಲೆಕ್ಕ, ಅಂದರೆ ಫಾರ್ಮ್ 990, ಯಾರು ಬೇಕಾದರೂ ಓದಬಹುದು. ಸಂಬಳಕ್ಕೆ ಎಷ್ಟು, ಕೆಲಸಕ್ಕೆ ಎಷ್ಟು ಅಂತ ಅದರಲ್ಲಿರುತ್ತದೆ. ಒಂದೇ ಸಲಕ್ಕೆ 250 ಡಾಲರ್ ಅಥವಾ ಹೆಚ್ಚು ಕೊಟ್ಟರೆ ಸಂಸ್ಥೆಯಿಂದ ಬರಹದ ರಸೀದಿ ಇಲ್ಲದೆ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಭಾರತದಲ್ಲಿ ಕೊಡುವುದಾದರೆ ಆ ಸಂಸ್ಥೆಗೆ 80ಜಿ ನೋಂದಣಿ, ಅಂದರೆ ದಾನಕ್ಕೆ ತೆರಿಗೆ ವಿನಾಯಿತಿ ಸಿಗುವ ನೋಂದಣಿ, ಇದೆಯಾ ನೋಡಿ. 2,000 ರೂಪಾಯಿ ಮೀರಿ ನಗದಿನಲ್ಲಿ ಕೊಟ್ಟಿದ್ದಕ್ಕೆ ವಿನಾಯಿತಿ ಇಲ್ಲ.

ಶೂ ಕೊಡುವ ಬಗ್ಗೆಯೂ ನಾನು ಕಲಿತ ಒಂದು ವಿಷಯ ಹೇಳಬೇಕು. ಟಾಮ್ಸ್ ಕಂಪನಿ ತನ್ನ ಶೂಗಳಿಂದ ಏನು ಬದಲಾಯಿತು ಅಂತ ಎಲ್ ಸಾಲ್ವಡಾರ್‌ನಲ್ಲಿ ಹೊರಗಿನ ಅಧ್ಯಯನಕಾರರಿಂದ ನೋಡಿಸಿತು. ಮಕ್ಕಳು ಶೂ ಹಾಕಿಕೊಂಡರು, ಇಷ್ಟಪಟ್ಟರು. ಆದರೆ ಅವರ ಆರೋಗ್ಯದಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ನಮಗೆ ಬೇಕಾದ್ದನ್ನು ಹೊರಗಿನವರೇ ಕೊಡಬೇಕು ಅನ್ನುವ ಭಾವನೆಯೂ ಸ್ವಲ್ಪ ಹೆಚ್ಚಾಯಿತು. ಅಲ್ಲಿನ ಬಹಳಷ್ಟು ಮಕ್ಕಳಿಗೆ ಮೊದಲೇ ಶೂ ಇತ್ತು. ಕಂಪನಿ ಆಮೇಲೆ ಜೋಡಿಗೆ ಜೋಡಿ ಕೊಡುವ ಪದ್ಧತಿ ಬಿಟ್ಟು, ಲಾಭದ ಮೂರನೇ ಒಂದು ಪಾಲನ್ನು ಕೆಲಸ ಮಾಡುವ ಸಂಸ್ಥೆಗಳಿಗೆ ಕೊಡುವ ದಾರಿ ಹಿಡಿಯಿತು. ಇದನ್ನು ಓದಿದಾಗ ನನಗೆ ಬೇಜಾರಾಯಿತು, ಆದರೆ ನಡಿಗೆ ಬಿಡಬೇಕು ಅನ್ನಿಸಲಿಲ್ಲ. ಕೆಂಪು ಜೇಡಿಮಣ್ಣಿನ ನಾಡಿನಲ್ಲಿ ಶೂ ಅಂದರೆ ಔಷಧ. ಬೇರೆ ಕಡೆ ಅದೇ ಹಣಕ್ಕೆ ಒಂದು ಬಾವಿ ಹೆಚ್ಚು ಉಪಯೋಗ. ಆಯ್ಕೆ ಕೊಟ್ಟರೆ ನಾನು ಈಗ ನೀರು ಅಥವಾ ತಾಯಂದಿರ ಎಚ್‌ಐವಿ ಚಿಕಿತ್ಸೆಗೆ ಗುರುತು ಹಾಕುತ್ತೇನೆ.

ಬ್ಯಾಂಡ್ ನಿಮ್ಮೂರಿಗೆ ಬರದಿದ್ದರೆ

ಹ್ಯಾನ್ಸನ್ ಮಾಡಿದ ಒಳ್ಳೆಯ ಕೆಲಸ ಏನೆಂದರೆ ಬ್ಯಾಂಡ್ ಇಲ್ಲದೆಯೂ ಅಭಿಮಾನಿಗಳೇ ನಡಿಗೆ ಮಾಡಿ ಲೆಕ್ಕ ಸೇರಿಸಬಹುದು ಅಂದಿದ್ದು. ಆ ಮಾದರಿ ಯಾರು ಬೇಕಾದರೂ ಹಿಡಿಯಬಹುದು.

ಐದು ಜನ ಇದ್ದರೂ ಸಾಕು. ಒಂದು ಮೈಲಿಯ ದಾರಿಯನ್ನು ಹಿಂದಿನ ದಿನವೇ ಶೂ ಹಾಕಿಕೊಂಡು ನಡೆದು ನೋಡಿ. ಜಲ್ಲಿ ಎಲ್ಲಿದೆ, ಫುಟ್‌ಪಾತ್ ಎಲ್ಲಿ ಮುಗಿಯುತ್ತದೆ, ನೆರಳು ಎಲ್ಲಿದೆ ಅಂತ ಗುರುತು ಮಾಡಿಕೊಳ್ಳಿ. ಶುರುವಾದ ಜಾಗಕ್ಕೇ ಬಂದು ಮುಗಿಯುವ ದಾರಿ ಒಳ್ಳೆಯದು, ಶೂಗಳನ್ನು ಒಂದೇ ಕಡೆ ಇಡಬಹುದು. ಪಾರ್ಕ್ ಆದರೆ ಇನ್ನೂ ಸುಲಭ. ಅಮೆರಿಕದ ಬಹಳಷ್ಟು ಊರುಗಳಲ್ಲಿ ಚಿಕ್ಕ ಗುಂಪು ಫುಟ್‌ಪಾತ್ ಮೇಲೆ ಸಿಗ್ನಲ್ ಪಾಲಿಸಿ ನಡೆದರೆ ಅನುಮತಿ ಕೇಳುವುದಿಲ್ಲ. ರಸ್ತೆಗೆ ಇಳಿಯುವುದಾದರೆ, ಮೈಕ್ ಬಳಸುವುದಾದರೆ ಬೇಕು. ಊರಿನ ಕಚೇರಿಗೆ ಒಂದು ಫೋನ್ ಮಾಡಿ. ನಮ್ಮ ಕಡೆಯಾದರೆ ಹತ್ತಿರದ ಪೊಲೀಸ್ ಠಾಣೆಗೆ ಮೊದಲೇ ಒಂದು ಪತ್ರ ಕೊಟ್ಟು ಕೇಳಿಕೊಳ್ಳುವುದು ವಾಸಿ.

ಹೊರಡುವ ಮುಂಚೆ ತಲೆ ಎಣಿಸಿ, ಬಂದ ಮೇಲೆ ಮತ್ತೆ ಎಣಿಸಿ. ಒಬ್ಬರು ಕೊನೆಯಲ್ಲಿ ಶೂ ಹಾಕಿಕೊಂಡು ಬರಲಿ. ಅವರ ಕೈಯಲ್ಲಿ ನೀರು, ಬ್ಯಾಂಡೇಡ್ ಇರಲಿ. ತಲೆಗೆ ಇಷ್ಟು ಅಂತ ಯಾರು ಕೊಡುತ್ತಾರೆ ಅನ್ನುವುದು ಮೊದಲೇ ತೀರ್ಮಾನವಾಗಿರಲಿ. ಹಣ ಹೋದ ಮೇಲೆ ಅದರ ರಸೀದಿಯನ್ನು ನಡೆದವರೆಲ್ಲರಿಗೂ ತೋರಿಸಿ. ಇದನ್ನು ಮರೆಯಬೇಡಿ. ಮುಂದಿನ ಸಲ ಅವರು ಬರುವುದು ಆ ಒಂದು ರಸೀದಿ ನೋಡಿಯೇ.

2009ರಲ್ಲಿ ರಜೆಗೆ ಊರಿಗೆ ಬಂದಾಗ ಅಮ್ಮನ ಹತ್ತಿರ ಈ ವಿಷಯ ಎತ್ತಿದೆ. "ಒಂದು ಮೈಲಿನಾ? ಅಷ್ಟೇನಾ?" ಅಂದಳು. ಬೆಳಿಗ್ಗೆ ಆರಕ್ಕೆ ಇಬ್ಬರೂ ಕೆರೆ ಏರಿ ಮೇಲೆ ಬರಿಗಾಲಲ್ಲಿ ಹೊರಟೆವು. ದಾರಿಯಲ್ಲಿ ಪಕ್ಕದ ಮನೆ ಅತ್ತೆ ಸಿಕ್ಕಿದರು. ಏನು ಎತ್ತ ಅಂತ ಕೇಳಿ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಅವರೂ ಬಂದರು. ಅವತ್ತು ಸಂಜೆ ಕೂತು ನಮ್ಮ ಲೆಕ್ಕ ಸೇರಿಸಿದೆ: ಮೂರು ಜನ, ಮೂರು ಮೈಲಿ.